ಕಾರು ಕೊಳ್ಳೋದು ಸುಲಭ ಗುರುವೇ... ಸಾಕೋದು?

‘ಕಿರಿಕ್ ಪಾರ್ಟಿ’ ನೋಡದೇ ಇರೋ ಹುಡುಗ ನಮ್ಮ ಕಡೆ ಯಾವನಾದರೂ ಇದ್ದರೆ ಕೈ ಎತ್ತಲಿ ನೋಡೋಣ! 2016ರ ಡಿಸೆಂಬರ್ ಕೊನೆಗೆ ತೆರೆಗೆ ಬಂದ ಆ ಚಿತ್ರದಲ್ಲಿ ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಕಾಸಿಗೆ ಕಾಸು ಕೂಡಿಸಿ ಒಂದು ಹಳೇ ಕಾಂಟೆಸಾ ಕಾರು ತಗೋತಾರಲ್ಲ, ಆವತ್ತು ಥಿಯೇಟರಿನಿಂದ ಹೊರಗೆ ಬಂದ ನಮ್ಮ ಹುಡುಗರ ಅರ್ಧ ತಲೆ ಹೀರೋಯಿನ್ ಕಡೆ, ಇನ್ನರ್ಧ ಆ ಕಾರಿನ ಕಡೆ! ಹೀರೋಯಿನ್ನು ಕೈಗೆ ಸಿಗೋದಿಲ್ಲ, ಅದು ಎಲ್ಲರಿಗೂ ಗೊತ್ತು. ಕಾರು ಸಿಕ್ಕೀತು ಅನ್ನೋ ಆಸೆ ಮಾತ್ರ ಇನ್ನೂ ಹೋಗಿಲ್ಲ.

ನಂಜನಗೂಡು ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ನಿಂತರೂ ಇದೇ ಪ್ರಶ್ನೆ, ತಿ. ನರಸೀಪುರದ ಸಲೂನಿನ ಬೆಂಚಿನಲ್ಲಿ ಕೂತರೂ ಇದೇ ಪ್ರಶ್ನೆ. “ಅಣ್ಣೋ, ಪಿಕಪ್ಪು ಚೆನ್ನಾಗಿರೋ ಕಾರ್ ಒಂದ ಸೆಕೆಂಡ್ಸ್‌ನಲ್ಲಿ ತಕಬೇಕು ಕಣಣ್ಣ. ಸಂಬ್ಳ ಇಪ್ಪತ್ನಾಕ್ ಸಾವ್ರ. ಆಯ್ತದಾ?”

ಆಯ್ತದೆ ತಮ್ಮಾ, ಆಯ್ತದೆ. ಆದರೆ.... ಆ ‘ಆದರೆ’ ಬಗ್ಗೆಯೇ ಈ ವಾರದ ಮಾತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದ ನಮ್ಮ ಹಿರಿಯರು, ಆ ಕಾಲಿನ ಕೆಳಗೆ ಆಕ್ಸಿಲರೇಟರ್ ಇದ್ದರೆ ಏನು ಮಾಡಬೇಕು ಅಂತ ಹೇಳಿ ಹೋಗಲಿಲ್ಲ. ಅದನ್ನ ನಾವೇ ಲೆಕ್ಕ ಹಾಕಬೇಕು.

ಮೊದಲು ತೆರೆಯ ಮೇಲಿನ ಸ್ಪೀಡಿನ ಗುಟ್ಟು ಹೇಳಿಬಿಡ್ತೀನಿ. ಸಿನಿಮಾ ಓಡೋದು ಸೆಕೆಂಡಿಗೆ 24 ಫ್ರೇಮಿನಲ್ಲಿ. ಚೇಸಿಂಗ್ ಸೀನಿಗೆ ಕ್ಯಾಮೆರಾನ 20 ಫ್ರೇಮಿಗೋ 18 ಫ್ರೇಮಿಗೋ ಇಳಿಸಿ ತೆಗೀತಾರೆ. ಅದನ್ನೇ 24ರಲ್ಲಿ ಓಡಿಸಿದರೆ ನಲವತ್ತರಲ್ಲಿ ಹೋದ ಗಾಡಿಯೂ ಸುಯ್ ಅಂತ ಹಾರಿದ ಹಾಗೆ ಕಾಣ್ತದೆ. ಟೈರು ಸವೆದರೆ ನಿರ್ಮಾಪಕರ ಖರ್ಚು, ಡಿಕ್ಕಿ ಆದರೆ ಇನ್ನೊಂದು ಗಾಡಿ ರೆಡಿ. ನಮ್ಮ ನಿಮ್ಮ ಬಾಳಿನಲ್ಲಿ ನಿರ್ಮಾಪಕರೂ ನಾವೇ, ಫೈಟ್ ಮಾಸ್ಟರೂ ನಾವೇ!

ಆ ಕಾಂಟೆಸಾ ಕಥೆಯೇ ಕೇಳಿ. ಹಿಂದೂಸ್ತಾನ್ ಮೋಟಾರ್ಸ್ ಕಂಪನಿ ಅದನ್ನ ಹೊರಗೆ ತಂದದ್ದು 1984ರಲ್ಲಿ, ತಯಾರಿಕೆ ನಿಲ್ಲಿಸಿದ್ದು 2002ರಲ್ಲಿ. ನೋಡೋಕೆ ಗರಡಿ ಮನೆ ಪೈಲ್ವಾನ್. ಒಳಗೆ ಮೊದಲಿಗೆ ಕೂತಿದ್ದದ್ದು ಸುಮಾರು 50 ಹಾರ್ಸ್‌ಪವರಿನ 1.5 ಲೀಟರ್ ಎಂಜಿನ್, ಅಂಬಾಸಿಡರಿನ ದಾಯಾದಿ! ಆಮೇಲೆ ಇಸುಜು ಕಂಪನಿಯ 1.8 ಲೀಟರ್ ಎಂಜಿನ್ ಬಂದ ಮೇಲೇ ಅದಕ್ಕೆ 88 ಹಾರ್ಸ್‌ಪವರ್ ಸಿಕ್ಕಿದ್ದು. ಮೇಕಪ್ಪು ನೋಡಿ ಮರುಳಾಗಬೇಡಿ, ಒಳಗಿನ ನಟನೆ ನೋಡಿ ಅನ್ನೋ ಮಾತು ಕಾರಿಗೂ ಸಲ್ಲುತ್ತೆ.

ಇನ್ನು ನಮ್ಮ ಜಿಲ್ಲೆಯೇ ಕಲಿಸಿಕೊಟ್ಟ ಪಾಠ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಯ್ತು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅವರೇ ಉದ್ಘಾಟನೆ ಮಾಡಿದ್ದು. 1978ರಲ್ಲಿ ಬಂತು ಯೆಜ್ಡಿ ರೋಡ್‌ಕಿಂಗ್, 250 ಸಿಸಿ, 16 ಹಾರ್ಸ್‌ಪವರ್. ಕಾಲೇಜು ಹುಡುಗರ ಎದೆ ಬಡಿತವೇ ಅದರ ಸೈಲೆನ್ಸರ್ ಸದ್ದಾಗಿದ್ದ ಕಾಲ ಅದು! 1996ರಲ್ಲಿ ಕಾರ್ಖಾನೆ ಬಾಗಿಲು ಹಾಕ್ತು. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಮತ್ತೆ ಮಾರುಕಟ್ಟೆಗೆ ಬಂತು ನಿಜ, ಆದರೆ ಆ ಗಾಡಿಗಳು ಹುಟ್ಟೋದು ಮಧ್ಯಪ್ರದೇಶದಲ್ಲಿ, ಮೈಸೂರಿನಲ್ಲಲ್ಲ.

ಆದರೂ ಹಳೇ ಯೆಜ್ಡಿಗಳು ಮೈಸೂರಿನ ಬೀದಿಯಲ್ಲಿ ಇವತ್ತಿಗೂ ಢಗ್ ಢಗ್ ಅಂತಾವೆ. ಯಾಕೆ? ಕಂಪನಿ ಸತ್ತರೂ ಮೆಕ್ಯಾನಿಕ್ ಸಾಯಲಿಲ್ಲ. ಅಪ್ಪನ ಕೈಯಿಂದ ಮಗನ ಕೈಗೆ ಸ್ಪ್ಯಾನರ್ ಬಂತು. ಬಿಡಿಭಾಗ ಹುಡುಕೋರು ಇದ್ದರು, ಸಿಗದೇ ಇದ್ದದ್ದನ್ನ ಲೇತಿನಲ್ಲಿ ಕಡೆದು ಕೊಡೋರೂ ಇದ್ದರು. ಅದೇ ಕಾಲದ ಎಷ್ಟೋ ದೊಡ್ಡ ಹೆಸರಿನ ಗಾಡಿಗಳು ಗುಜರಿ ಸೇರಿದ್ದು ಎಂಜಿನ್ ಕೆಟ್ಟಿತು ಅಂತಲ್ಲ, ಬಿಚ್ಚಿ ಜೋಡಿಸೋನು ಸಿಗಲಿಲ್ಲ ಅಂತ. ಅದಕ್ಕೇ ನಾನು ಹೇಳೋದು: ಕಾರು ಹುಡುಕೋಕೆ ಮೊದಲು ಮೆಕ್ಯಾನಿಕ್ ಹುಡುಕಿ. ಆತ ಯಾವ ಎಂಜಿನ್ ಕಣ್ಣುಮುಚ್ಚಿ ಬಿಚ್ತಾನೋ ಆ ಕಾರೇ ನಿಮ್ಮ ಕಾರು.

ಹಾಗಾದರೆ ಮಾರ್ಕೆಟ್ಟಿನಲ್ಲಿ ಏನೇನಿದೆ? ನಮ್ಮ ಹುಡುಗರು ಬಾಯಿ ಬಿಟ್ಟರೆ ಹೇಳೋ ಹೆಸರುಗಳನ್ನೇ ತಗೊಳ್ಳಿ. 2000ದಲ್ಲಿ ಬಂದ ಹೊಂಡಾ ಸಿಟಿ ವಿಟೆಕ್. 1493 ಸಿಸಿ, 106 ಹಾರ್ಸ್‌ಪವರ್. ಹಗುರ ಮೈ, ಏರಿದಂತೆಲ್ಲ ಹಾಡೋ ಎಂಜಿನ್. ಇದರದ್ದು ಟೈಮಿಂಗ್ ಬೆಲ್ಟ್ ಇರೋ ಎಂಜಿನ್, ಹಿಂದಿನವರು ಯಾವಾಗ ಬದಲಾಯಿಸಿದರು ಅಂತ ಗೊತ್ತಿಲ್ಲದಿದ್ದರೆ ತಂದ ವಾರವೇ ಹೊಸದು ಹಾಕಿಸಬೇಕು. ಫಿಯೆಟ್ ಪಾಲಿಯೋ 1.6, ಸುಮಾರು 100 ಹಾರ್ಸ್‌ಪವರ್. ಸಚಿನ್ ತೆಂಡೂಲ್ಕರ್ ಹೆಸರಿನಲ್ಲೇ ಒಂದು ಮಾದರಿ ಬಂದಿತ್ತು, ನೆನಪಿದೆಯಾ? ರಸ್ತೆಗೆ ಅಂಟಿಕೊಂಡು ಹೋಗೋ ಕಾರು. ಆದರೆ ಫಿಯೆಟ್ ಕಾರುಗಳು ಇಲ್ಲಿ ನಿಂತು ವರ್ಷಗಳಾದವು, ಬಿಡಿಭಾಗಕ್ಕೆ ಊರೂರು ಫೋನು ಮಾಡೋ ತಾಳ್ಮೆ ಬೇಕು. ಫೋರ್ಡ್ ಫಿಯೆಸ್ಟಾ 1.6 ಕೂಡ ಗಟ್ಟಿಗ. ಆ ಕಂಪನಿಯೂ 2021ರಲ್ಲಿ ಇಲ್ಲಿ ಕಾರು ಮಾಡೋದನ್ನ ಬಿಡ್ತೀವಿ ಅಂತ ಹೇಳಿಬಿಡ್ತು.

ಸ್ವಲ್ಪ ಹೊಸದು ಬೇಕು ಅಂದರೆ 2013ರಲ್ಲಿ ಬಂದ ಪೋಲೋ ಜಿಟಿ ಟಿಎಸ್‌ಐ. 1.2 ಲೀಟರ್ ಟರ್ಬೊ, 105 ಹಾರ್ಸ್‌ಪವರ್, ಏಳು ಗೇರಿನ ಆಟೋಮ್ಯಾಟಿಕ್. ಬೆನ್ನು ಸೀಟಿಗೆ ಒತ್ತಿ ಹಿಡಿಯೋ ಪಿಕಪ್ಪು! ಆದರೆ ಆ ಗೇರ್‌ಬಾಕ್ಸ್ ಡಬಲ್ ಕ್ಲಚ್ಚಿನದು. ರಸ್ತೆ ಬದಿ ಗ್ಯಾರೇಜಿನಲ್ಲಿ ಬಿಚ್ಚೋ ಸಾಮಾನಲ್ಲ, ಕೆಟ್ಟರೆ ಬರೋ ಬಿಲ್ಲು ನಮ್ಮಂಥವರ ಹಲವು ತಿಂಗಳ ಸಂಬಳ. 2017ರ ಬಲೆನೋ ಆರ್‌ಎಸ್ ಅಂತ ಒಂದಿದೆ. 1 ಲೀಟರ್ ಟರ್ಬೊ, ಸುಮಾರು 100 ಹಾರ್ಸ್‌ಪವರ್, ಕೈಯಲ್ಲಿ ಹಾಕೋ ಗೇರು. 2020ರ ಹೊತ್ತಿಗೆ ನಿಲ್ಲಿಸಿಬಿಟ್ಟರು. ಆ ಎಂಜಿನ್ನಿನ ಸಾಮಾನು ಅಪರೂಪ, ಬಾಡಿ ಸಾಮಾನು ಮಾತ್ರ ಮಾಮೂಲಿ ಬಲೆನೋದ್ದೇ ಹೆಚ್ಚು, ಸಲೀಸಾಗಿ ಸಿಗ್ತದೆ.

ಇಲ್ಲೊಂದು ತಮಾಷೆ ನೋಡಿ. ಥರ್ಡ್ ಪಾರ್ಟಿ ಇನ್ಶೂರೆನ್ಸ್ ದರ ನಿಗದಿಯಾಗೋದು ಸಿಸಿ ಮೇಲೆ. 2022ರಲ್ಲಿ ನಿಗದಿ ಮಾಡಿದ ಲೆಕ್ಕದಲ್ಲಿ 1000 ಸಿಸಿ ಒಳಗಿನ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1500 ಸಿಸಿ ತನಕ 3,416, ಅದನ್ನ ದಾಟಿದರೆ 7,897. ತೆರಿಗೆ ಬೇರೆ. ಅಂದರೆ 998 ಸಿಸಿಯ ಬಲೆನೋ ಆರ್‌ಎಸ್ ಕೆಳಗಿನ ದರ್ಜೆ, 1493 ಸಿಸಿಯ ಸಿಟಿ ಮಧ್ಯದ ದರ್ಜೆ, 1.6 ಲೀಟರಿನ ಪಾಲಿಯೋ, ಫಿಯೆಸ್ಟಾ ಬಾಲ್ಕನಿ! ಹಾರ್ಸ್‌ಪವರ್ ಎಲ್ಲಕ್ಕೂ ಹೆಚ್ಚು ಕಮ್ಮಿ ಒಂದೇ, ಟಿಕೆಟ್ ದರ ಮಾತ್ರ ಬೇರೆ ಬೇರೆ. ಇಂಥದ್ದನ್ನ ಷೋಕಿಗೆ ಬಿದ್ದವನು ನೋಡೋದಿಲ್ಲ, ಸಾಕೋ ಮನಸ್ಸಿರೋನು ನೋಡ್ತಾನೆ.

ಈಗ ಕಾಗದ ಪೆನ್ನು ತಗೊಳ್ಳಿ. ನಾನು ಪಿಯುಸಿ ಅರ್ಧಕ್ಕೇ ಬಿಟ್ಟವನು, ಈ ಲೆಕ್ಕಕ್ಕೆ ಏಳನೇ ಕ್ಲಾಸಿನ ಕೂಡೋದು ಕಳೆಯೋದೇ ಸಾಕು. ಸಂಬಳ 24,000. ಕಾರಿನ ಬೆಲೆ ಒಂದೂವರೆ ಲಕ್ಷ ಅಂತ ಇಟ್ಟುಕೊಳ್ಳೋಣ. ದಿನಾ ಮೈಸೂರಿಗೆ ಕೆಲಸಕ್ಕೆ ಇದರಲ್ಲೇ ಹೋಗ್ತೀನಿ ಅನ್ನೋ ಆಸೆ ಇದ್ದರೆ ಈಗಲೇ ಬಿಡಿ. ನಂಜನಗೂಡಿನಿಂದ ಹೋಗಿ ಬರೋಕೆ 50 ಕಿಲೋಮೀಟರ್, ಲೀಟರಿಗೆ 12 ಕಿಲೋಮೀಟರ್ ಕೊಟ್ಟರೆ ನಾಲ್ಕು ಲೀಟರಿನ ಮೇಲೆ. ಲೀಟರಿಗೆ 102 ರೂಪಾಯಿ ಹಿಡಿದರೆ 25 ದಿನಕ್ಕೆ ಹತ್ತು ಸಾವಿರ ದಾಟ್ತದೆ. ಸಂಬಳದ ಅರ್ಧ ಹೊಗೆಯಾಗಿ ಹೋಯ್ತು! ಕೆಲಸಕ್ಕೆ ಬಸ್ಸೇ ಸರಿ. ಬಸ್ಸಿನಲ್ಲಿ ಕೂತರೆ ನಮ್ಮ ಪತ್ರಿಕೆಯನ್ನೂ ಓದಬಹುದು!

ಕಾರು ಭಾನುವಾರಕ್ಕೆ ಅಂತ ಇಟ್ಕೊಳ್ಳಿ. ವಾರಕ್ಕೆ 100 ಕಿಲೋಮೀಟರ್, ತಿಂಗಳಿಗೆ 400. ಪೆಟ್ರೋಲಿಗೆ 3,400. ಇನ್ಶೂರೆನ್ಸು ತಿಂಗಳ ಲೆಕ್ಕಕ್ಕೆ 340. ಆಯಿಲ್ಲು, ಬ್ರೇಕು, ಟೈರು, ಬೆಲ್ಟು ಅಂತ ತಿಂಗಳಿಗೆ 2,500 ಎತ್ತಿಡಲೇಬೇಕು. ಒಟ್ಟು 6,240 ರೂಪಾಯಿ. ಕಷ್ಟ, ಆದರೆ ಆಗದ ಮಾತಲ್ಲ.

ಇದೇ ಕಾರನ್ನ ಸಾಲ ಮಾಡಿ ತಂದರೆ? ನೂರಕ್ಕೆ 15ರ ಬಡ್ಡಿ, ಮೂರು ವರ್ಷ ಅಂದರೆ ಕಂತು ತಿಂಗಳಿಗೆ 5,200. ಮೇಲಿನ 6,240 ಸೇರಿದರೆ 11,440. ಮನೆಗೆ ಏನು ಕೊಡ್ತೀರಿ? ಮೂರು ವರ್ಷ ಕಳೆಯುವಾಗ ಒಂದೂವರೆ ಲಕ್ಷಕ್ಕೆ ನೀವು ಕಟ್ಟಿದ್ದು 1,87,200.

ಇದನ್ನ ತಿರುಗಿಸಿ ನೋಡಿ. ಕಾರು ಇಲ್ಲದೆಯೇ ಕಾರು ಸಾಕೋಕೆ ಶುರು ಮಾಡಿ! ಕಾರು ಬಾಗಿಲಲ್ಲಿ ನಿಂತಿದೆ ಅಂತ ತಿಳಿದು ತಿಂಗಳಿಗೆ 6,240 ರೂಪಾಯಿ ಬ್ಯಾಂಕಿನ ಆರ್‌ಡಿಗೆ ಹಾಕ್ತಾ ಬನ್ನಿ. 30 ತಿಂಗಳಿಗೆ ಎಷ್ಟಾಗ್ತದೆ? ಸರಿಯಾಗಿ 1,87,200! ಅದರಲ್ಲಿ ಒಂದೂವರೆ ಲಕ್ಷ ಕಾರಿಗೆ, ಉಳಿದ 37,200 ರಿಪೇರಿ ಡಬ್ಬಿಗೆ. ಸಾಲ ಕೊಟ್ಟವನ ಜೇಬಿಗೆ ಬಡ್ಡಿಯಾಗಿ ಹೋಗ್ತಿದ್ದ ಅದೇ ದುಡ್ಡು ನಿಮ್ಮ ಕಾರಿನ ಆಪದ್ಧನವಾಯ್ತು. ಆರ್‌ಡಿ ಬಡ್ಡಿ ಮೇಲಿನ ಲಾಭ. 30 ತಿಂಗಳು ಹೀಗೆ ಕಟ್ಟೋಕೆ ಆಗಲಿಲ್ಲವಾ? ಹಾಗಾದರೆ ಕಾರು ಬಂದಿದ್ದರೂ ಸಾಕೋಕೆ ಆಗ್ತಿರಲಿಲ್ಲ. ಆಸೆ ಹೋಯ್ತು, ದುಡ್ಡು ಉಳೀತು.

ಇದೆಲ್ಲ ಯಾಕೆ ಇಷ್ಟು ಒತ್ತಿ ಹೇಳ್ತೀನಿ ಗೊತ್ತಾ? ತಿ. ನರಸೀಪುರದ ಹತ್ತಿರದ ಹಳ್ಳಿಯ ನನ್ನ ಗೆಳೆಯ ಒಬ್ಬ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸಕ್ಕೆ ಹೋಗ್ತಾನೆ. ಮೊಬೈಲಿನಲ್ಲಿ ದೆಹಲಿ ನೋಂದಣಿಯ ಟರ್ಬೊ ಕಾರೊಂದು ಕಂಡ. ದೆಹಲಿಯಲ್ಲಿ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಗಾಡಿ ಓಡಿಸಬಾರದು ಅಂತ ಹಸಿರು ನ್ಯಾಯಮಂಡಳಿ ಆದೇಶ ಮಾಡಿತ್ತು, 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನ ಎತ್ತಿ ಹಿಡೀತು. ಆಮೇಲೆ ಅಲ್ಲಿಯ ಎಷ್ಟೋ ಕಾರುಗಳು ಅಗ್ಗದ ಬೆಲೆಗೆ ದಕ್ಷಿಣದ ದಾರಿ ಹಿಡಿದವು. ನಮ್ಮ ಗೆಳೆಯ ಚೀಟಿ ಎತ್ತಿದ. ಸಾಲದ್ದಕ್ಕೆ ಅಮ್ಮನ ಮಾಂಗಲ್ಯದ ಸರ ಅಡವಿಟ್ಟ.

ನಾಲ್ಕೇ ತಿಂಗಳು. ಟರ್ಬೊ ನೀಲಿ ಹೊಗೆ ಉಗುಳೋಕೆ ಶುರು ಮಾಡ್ತು. ಮೆಕ್ಯಾನಿಕ್ ಹೇಳಿದ ಮೊತ್ತ ಅವನ ಮೂರು ತಿಂಗಳ ಸಂಬಳ. ಎನ್‌ಓಸಿ ಕೇಳಿದರೆ ಮಾರಿದವನ ಫೋನು ಸ್ವಿಚ್ ಆಫ್. ಕಾರಿಗೆ ಟಾರ್ಪಾಲು ಹೊದಿಸಿ ಕೊಟ್ಟಿಗೆ ಪಕ್ಕ ನಿಲ್ಲಿಸಿದ, ಒಳಗೆ ಕೋಳಿ ಮೊಟ್ಟೆ ಇಟ್ಟವು. ಅಮ್ಮ ಒಂದು ಮಾತೂ ಬೈಲಿಲ್ಲ. ನೆಂಟರ ಮನೆ ಮದುವೆಗೆ ಮಾತ್ರ ಅರಿಶಿನದ ದಾರದಲ್ಲೇ ಹೋಗಿ ಬಂದರು, ಸೆರಗು ಹೊದ್ದುಕೊಂಡು. “ಬೈದಿದ್ರೆ ಎಷ್ಟೋ ವಾಸಿಯಾಗಿತ್ತು ಕಣಣ್ಣ” ಅಂದ ನನ್ನ ಗೆಳೆಯ. ಈಗ ಸರ ಬಿಡಿಸಿಕೊಟ್ಟಿದ್ದಾನೆ. ಕಾರು ಗುಜರಿ ಬೆಲೆಗೆ ಹೋಯ್ತು.

ಅದಕ್ಕೇ ಕಾಗದದ ವಿಷಯ ಕಿವಿಗೊಟ್ಟು ಕೇಳಿ. ಹೊರ ರಾಜ್ಯದ ಕಾರು 12 ತಿಂಗಳಿಗಿಂತ ಹೆಚ್ಚು ಇಲ್ಲಿರೋದಾದರೆ ಇಲ್ಲಿ ನೋಂದಣಿ ಆಗಲೇಬೇಕು. ಅದಕ್ಕೆ ಅಲ್ಲಿಯ ಆರ್‌ಟಿಓ ಎನ್‌ಓಸಿ ಬೇಕು, ಅಂದರೆ ಫಾರಂ 28. ಮೇಲೆ ಕರ್ನಾಟಕದ ಜೀವಾವಧಿ ತೆರಿಗೆ. ಹಳೇ ಗಾಡಿಗೆ ವಯಸ್ಸು ನೋಡಿ ಇಳಿಸ್ತಾರೆ, ಮಾಫಿ ಮಾಡೋದಿಲ್ಲ. ನಮ್ಮ ರಾಜ್ಯದ್ದೇ ಕಾರಾದರೆ ಫಾರಂ 29, ಫಾರಂ 30 ಸಹಿ ಆಗಬೇಕು, ಹಿಂದಿನವರ ಸಾಲ ತೀರಿದ್ದಕ್ಕೆ ಫಾರಂ 35 ಬೇಕು. 15 ವರ್ಷ ದಾಟಿದ ಕಾರಿಗೆ ಐದೈದು ವರ್ಷಕ್ಕೆ ನೋಂದಣಿ ನವೀಕರಣ. ಅದರ ಶುಲ್ಕ 2022ರ ಏಪ್ರಿಲಿನಲ್ಲಿ 600ರಿಂದ 5,000 ಆಯ್ತು, 20 ವರ್ಷ ದಾಟಿದವಕ್ಕೆ 2025ರ ಆಗಸ್ಟಿನಲ್ಲಿ 10,000ಕ್ಕೆ ಏರ್ತು. ಹಳೇ ಸಿಟಿ ಮೇಲೆ ಕಣ್ಣಿಟ್ಟವರು ಇದನ್ನೂ ಬೆಲೆಗೆ ಸೇರಿಸಿಕೊಳ್ಳಿ.

ಸಿನಿಮಾದ ಹಾಗೆ ಗೆಳೆಯರೆಲ್ಲ ಸೇರಿ ತಗೋಳೋಣ ಅಂತೀರಾ? ತಗೊಳ್ಳಿ. ಆದರೆ ಆರ್‌ಸಿ ಯಾರ ಹೆಸರಿನಲ್ಲಿ ಇರ್ತದೋ ಕುತ್ತಿಗೆಯೂ ಅವನದೇ. ಮಾರಿಬಿಟ್ಟೆ ಅಂದರೂ ಆರ್‌ಸಿಯಲ್ಲಿ ಹೆಸರು ಬದಲಾಗದಿದ್ದರೆ ಅಪಘಾತದ ಪರಿಹಾರಕ್ಕೆ ಹೊಣೆ ನೋಂದಾಯಿತ ಮಾಲೀಕನೇ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಭಾನುವಾರ ಐದು ಜನ ಓಡಿಸ್ತೀರಿ, ಕೋರ್ಟಿಗೆ ಒಬ್ಬನೇ ಹೋಗ್ತಾನೆ!

ಹಾಗಂತ ಈ ಕಥೆಗೆ ಗೆಲ್ಲೋ ಹೀರೋನೇ ಇಲ್ಲವಾ? ಇದ್ದಾನೆ. ನಂಜನಗೂಡಿನಲ್ಲಿ ವೈರಿಂಗ್ ಕೆಲಸ ಮಾಡೋ ಇನ್ನೊಬ್ಬ ಗೆಳೆಯ. ಎರಡೂವರೆ ವರ್ಷ ಕಾಸು ಕೂಡಿಟ್ಟ. ಕಾರು ನೋಡೋಕೆ ಹೋಗುವಾಗ ಮೆಕ್ಯಾನಿಕ್‌ಗೆ ಒಂದು ದಿನದ ಕೂಲಿ ಕೊಟ್ಟು ಜೊತೆಗೆ ಕರ್ಕೊಂಡು ಹೋದ. ಬೆಳಗ್ಗೆ ಹೋಗಿ ತಣ್ಣಗಿರೋ ಎಂಜಿನ್ನೇ ಸ್ಟಾರ್ಟ್ ಮಾಡಿಸಿದ, ಯಾಕಂದರೆ ಮೊದಲೇ ಬಿಸಿ ಮಾಡಿಟ್ಟ ಎಂಜಿನ್ ತನ್ನ ಕಾಯಿಲೆ ಮುಚ್ಚಿಡ್ತದೆ. ಸೈಲೆನ್ಸರಿನಲ್ಲಿ ನೀಲಿ ಹೊಗೆ ಬಂದರೆ ಆಯಿಲ್ ಉರೀತಿದೆ ಅಂತ ಅರ್ಥ. ಆಯಿಲ್ ಮುಚ್ಚಳದ ಕೆಳಗೆ ಮಜ್ಜಿಗೆ ಥರ ಬೆಳ್ಳಗೆ ಕಂಡರೆ ನೀರು ಸೇರಿರೋ ಅನುಮಾನ, ಹೆಡ್ ಗ್ಯಾಸ್ಕೆಟ್ ನೋಡಿಸಲೇಬೇಕು. ಟೈರು ಒಂದೇ ಕಡೆ ಸವೆದಿದ್ದರೆ ಅಲೈನ್‌ಮೆಂಟೋ ಸಸ್ಪೆನ್ಷನ್ನೋ ಕೆಟ್ಟಿದೆ, ಇಲ್ಲ ಗಾಡಿ ಎಲ್ಲೋ ಗುದ್ದಿದೆ. ಏಳು ಕಾರು ನೋಡಿ ಏಳನ್ನೂ ಬಿಟ್ಟು ಬಂದ, ಎಂಟನೆಯದು ಒಂದು ಸಿಟಿ, ಅದನ್ನ ತಂದ. ತಂದ ವಾರವೇ ಬೆಲ್ಟು ಬದಲಾಯಿಸಿದ, ನಾಲ್ಕು ಹೊಸ ಟೈರು ಹಾಕಿಸಿದ. ಮ್ಯೂಸಿಕ್ ಸಿಸ್ಟಂ ಇವತ್ತಿಗೂ ಹಳೇದೇ.

ಸೈಲೆನ್ಸರ್ ಕತ್ತರಿಸಿ ಸದ್ದು ಮಾಡಿಸು ಅಂತ ಗೆಳೆಯರು ಪ್ರಾಣ ತಿಂದರು. ಅವನು ಕೇಳಲಿಲ್ಲ. ಕಂಪನಿ ಕೊಟ್ಟ ರೂಪ ಬದಲಾಯಿಸಬಾರದು ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಪೊಲೀಸರ ದಂಡದ ಮಾತು ಬಿಡಿ, ನಾಳೆ ಇನ್ಶೂರೆನ್ಸ್‌ನವರು ಕ್ಲೇಮ್ ಕೊಡೋದಿಲ್ಲ ಅನ್ನೋಕೆ ನಾವೇ ನೆಪ ಕೊಟ್ಟ ಹಾಗೆ.

ಕೊನೆಗೆ ರಸ್ತೆಯ ಮಾತು. ನಂಜನಗೂಡು, ಮೈಸೂರು, ತಿ. ನರಸೀಪುರ ಮೂರನ್ನೂ ಹೊಲಿಯೋ ದಾರ ಒಂದೇ, ರಾಷ್ಟ್ರೀಯ ಹೆದ್ದಾರಿ 766. ಕಬ್ಬು ಕಡಿಯೋ ಕಾಲದಲ್ಲಿ ಕತ್ತಲಾದ ಮೇಲೆ ಹಿಂದೆ ಒಂದು ಕೆಂಪು ದೀಪವೂ ಇಲ್ಲದ ಟ್ರ್ಯಾಕ್ಟರ್ ಯಾವ ತಿರುವಿನಲ್ಲಿ ನಿಂತಿರ್ತದೋ ಆ ಶ್ರೀಕಂಠೇಶ್ವರನಿಗೇ ಗೊತ್ತು. 2023ರ ಮೇ 29ರಂದು ತಿ. ನರಸೀಪುರದ ಕುರುಬೂರಿನ ಹತ್ತಿರ ಕಾರಿಗೂ ಬಸ್ಸಿಗೂ ಡಿಕ್ಕಿಯಾಗಿ ಹತ್ತು ಜನ ತೀರಿಕೊಂಡರು, ಪ್ರವಾಸಕ್ಕೆ ಅಂತ ಬಂದವರು. ನಮ್ಮ ಶಂಕರ್‌ನಾಗ್ ಅವರನ್ನ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಕಳ್ಕೊಂಡದ್ದೂ ರಸ್ತೆಯಲ್ಲೇ. ಆಟೋಗಳ ಹಿಂದೆ ಇವತ್ತಿಗೂ ನಗ್ತಾ ಇರೋ ಆ ಮುಖ ನೋಡಿದಾಗಲೆಲ್ಲ ನೆನಪಿರಲಿ, ರಸ್ತೆಗೆ ಹೀರೋ ವಿಲನ್ ಅಂತ ಭೇದವಿಲ್ಲ.

ಆದ್ದರಿಂದ 100 ಹಾರ್ಸ್‌ಪವರ್ ಕೊಳ್ಳುವಾಗ ಅಷ್ಟನ್ನ ನಿಲ್ಲಿಸೋ ಬ್ರೇಕಿಗೂ ಟೈರಿಗೂ ಮೊದಲು ದುಡ್ಡು ತೆಗೆದಿಡಿ. ಅದು ಆಗದಿದ್ದರೆ ಆ ಕಾರು ನಿಮ್ಮ ಕೈಗೆಟುಕಿಲ್ಲ ಅಂತಲೇ ಲೆಕ್ಕ, ಕೀ ಜೇಬಿನಲ್ಲೇ ಇದ್ದರೂ.

ಪಿಕಪ್ಪಿನ ಆಸೆ ತಪ್ಪು ಅಂತ ನಾನು ಯಾವತ್ತೂ ಹೇಳೋದಿಲ್ಲ. ಇಪ್ಪತ್ತೈದರ ವಯಸ್ಸಿನಲ್ಲಿ ಬರದೇ ಅರವತ್ತರಲ್ಲಿ ಬರ್ತದಾ? ಕಾರು ತನ್ನಿ, ಓಡಿಸಿ, ಮೊದಲ ರೌಂಡಿಗೆ ಅಮ್ಮನನ್ನೇ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಸಂಗಮಕ್ಕೆ ಕರ್ಕೊಂಡು ಹೋಗಿ. ಅವರ ಕೊರಳಲ್ಲಿ ಸರ ಇರಬೇಕು, ಅಷ್ಟೇ ನನ್ನ ಷರತ್ತು.

ಏನಂತೀರಿ? ಮುಂದಿನ ವಾರ ಸಿಗೋಣ.